ಹಳೇ ಮೇಜಿಗೆ ಹೊಸ ಹಲಗೆ: ಅಲುಗಾಟ, ಸೀಳು, ಬೆಂಡು — ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಗಣೇಶನ ಹಬ್ಬಕ್ಕೆ ಮುಂಚೆ ಕೂರಿಸಿದ ಹೊಸ ಹಲಗೆ ಶಿವರಾತ್ರಿ ಕಳೆದು ಹತ್ತು ದಿನಕ್ಕೆ ಸೀಳಿತು. ರಾತ್ರಿ ಹನ್ನೊಂದರ ಹೊತ್ತು, ಎಲ್ಲರೂ ಮಲಗಿದ್ದಾಗ ‘ಟಪ್’ ಅಂತ ಒಂದೇ ಸದ್ದು. ಬಲ್ಬ್ ಒಡೆಯಿತೇನೋ ಎಂದು ಎದ್ದು ಬಂದು ನೋಡಿದರೆ ಮೇಜಿನ ಒಂದು ತುದಿಯಿಂದ ಮೊಳದುದ್ದದ ಬಿರುಕು. ಐದು ರೂಪಾಯಿ ನಾಣ್ಯ ಸಿಕ್ಕಿಸಿದರೆ ನಿಲ್ಲುವಷ್ಟು ಅಗಲ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು: ಯಾವ ಅಲುಗಾಟ ತಾಳಲಾರದೆ ಹಲಗೆ ಬದಲಾಯಿಸಿದ್ದೆನೋ ಅದು ಮಾತ್ರ ಹಾಗೇ ಇತ್ತು.

ಮೇಜು ನಮ್ಮಪ್ಪನದು. ತುಮಕೂರಿನಲ್ಲಿ ಹೈಸ್ಕೂಲ್ ಮೇಷ್ಟರಾಗಿದ್ದಾಗ ಮಾಡಿಸಿದ್ದು. ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ, ಮತ್ತಿ ಮರದ ಕಾಲು, ಒಂದು ಡ್ರಾಯರು. ಮೇಲಿನ ಹಲಗೆಗೆ ಮಾತ್ರ ಅದೇನೋ ಕಾಡುಮರ. ಇಂಕು, ಬಿಸಿ ಲೋಟ, ಮಕ್ಕಳ ಕೈವಾರದ ಮೊನೆ ಎಲ್ಲ ತಿಂದು ಮುಖ ಕೆಟ್ಟಿತ್ತು. ಗುಬ್ಬಿ ಕಡೆ ಭಾವನ ತೋಟದಲ್ಲಿ ಗಾಳಿಗೆ ಉರುಳಿದ ಹಲಸಿನ ಮರ ಸಾ ಮಿಲ್ಲಿಗೆ ಹೋಗಿ ಹಲಗೆಯಾಗಿ ಬಂದಾಗ, ‘ಮೇಜಿಗೆ ಇದೇ ಆಗಲಿ’ ಎಂದುಕೊಂಡೆ. ಆಮೇಲೆ ಮಾಡಿದ ತಪ್ಪುಗಳೇ ಈ ಬರಹದ ಬಂಡವಾಳ. ಈಗ ಯಾರಾದರೂ ‘ಟೇಬಲ್ ಟಾಪ್ ಚೇಂಜ್ ಮಾಡಿಸಬೇಕು’ ಅಂದರೆ ನಾನು ಕೇಳುವ ಮೊದಲ ಪ್ರಶ್ನೆ, ‘ಕಾಲು ನೋಡಿದ್ರಾ?’

ಈ ಬರಹದಲ್ಲಿ ಮತ್ತೆ ಮತ್ತೆ ಬರುವ ಒಂದು ಪದ: ಪಟ್ಟಿ. ಹಲಗೆಯ ಅಡಿಯಲ್ಲಿ ಕಾಲಿಂದ ಕಾಲಿಗೆ ನಾಲ್ಕೂ ಕಡೆ ಓಡುವ, ಮೂರು ನಾಲ್ಕು ಅಂಗುಲ ಎತ್ತರದ ಅಡ್ಡಮರ ಅದು. ನಾಲ್ಕು ಕಾಲು, ನಾಲ್ಕು ಪಟ್ಟಿ ಸೇರಿದರೆ ಫ್ರೇಮು. ಹಲಗೆ ಅದರ ಮೇಲೆ ಕೂತ ಅತಿಥಿ.

ಹಲಗೆ ಬದಲಾಯಿಸಲೇಬೇಕೆ?

ಎಷ್ಟೋ ಸಲ ಬೇಡ. ಕ್ಯಾತ್ಸಂದ್ರದಿಂದ ಕಟ್ಟಿಸಿಕೊಂಡು ಬಂದ ತಟ್ಟೆ ಇಡ್ಲಿ ಪೊಟ್ಟಣ ಹಬೆಯಾಡುತ್ತಿರುವಾಗಲೇ ಮೇಜಿನ ಮೇಲಿಟ್ಟು ಮರೆತರೆ ಬಿಳಿ ಕಲೆ ಬೀಳುತ್ತದೆ. ಬಿಳಿ ಕಲೆ ಎಂದರೆ ತೇವ ಪಾಲಿಶ್ ಒಳಗೆ ಮಾತ್ರ ಇಳಿದಿದೆ, ಮರ ಮುಟ್ಟಿಲ್ಲ. ಅರಗಿನ ಪಾಲಿಶ್ ಆಗಿದ್ದರೆ ಸ್ಪಿರಿಟ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಹಗುರವಾಗಿ ಸವರಿದರೆ ಬಹುಪಾಲು ಹೋಗುತ್ತದೆ. ಕಪ್ಪು ಕಲೆ ಬೇರೆ ಲೆಕ್ಕ. ನೀರು ಮರದೊಳಗೇ ಹೋಗಿ, ಕಬ್ಬಿಣದ ಪಾತ್ರೆಯ ಅಂಚೋ ಮೊಳೆಯೋ ತಾಕಿ, ಮರದ ಒಗರಿನ ಜೊತೆ ಸೇರಿ ಕಪ್ಪಾಗಿದೆ. ಅದನ್ನು ಕೀಸಿ ತೆಗೆಯಬೇಕು. ಒಂದಂಗುಲ ದಪ್ಪದ ಗಟ್ಟಿ ಹಲಗೆಯಾದರೆ ಒಂದೆರಡು ಮಿಲಿಮೀಟರ್ ಕೀಸಿದರೂ ನಷ್ಟವಿಲ್ಲ. ಅಡಿಯ ಮುಖ ಚೆನ್ನಾಗಿದ್ದರೆ ಹಲಗೆಯನ್ನೇ ಮಗುಚಿ ಹಾಕಬಹುದು. ನಮ್ಮಪ್ಪನ ಹಲಗೆಯನ್ನೂ ಹಾಗೆ ಮಾಡಬಹುದಿತ್ತು. ಇದು ಆಮೇಲೆ ಹೊಳೆದ ಬುದ್ಧಿ.

ಅಲುಗಾಟ: ಕುಂಟುತ್ತಿದೆಯೋ, ಓಲಾಡುತ್ತಿದೆಯೋ?

‘ಮೇಜು ಅಲ್ಲಾಡುತ್ತೆ’ ಎಂಬ ಒಂದೇ ದೂರಿನಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇವೆ. ಮೂರಕ್ಕೂ ಮದ್ದು ಬೇರೆ. ನಾನು ಇದನ್ನು ಬಿಡಿಸಿ ನೋಡದೆ ನೇರವಾಗಿ ಹಲಗೆಗೆ ಕೈ ಹಾಕಿದೆ.

ಒಂದು ಮೂಲೆ ಒತ್ತಿದಾಗ ಎದುರು ಮೂಲೆಯ ಕಾಲು ಎದ್ದು ‘ಟಕ್’ ಎನ್ನುತ್ತದಾ? ಮೇಜು ಕುಂಟುತ್ತಿದೆ. ತಪ್ಪು ನೆಲದ್ದಿರಬಹುದು, ಕಾಲಿನದ್ದಿರಬಹುದು. ಏಳುವ ಕಾಲಿಗೂ ಅದರ ಎದುರು ಮೂಲೆಯ ಕಾಲಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೇಜನ್ನು ಮನೆಯಲ್ಲಿ ಮೂರು ಬೇರೆ ಜಾಗಗಳಲ್ಲಿ ಇಟ್ಟು ಒತ್ತಿ ನೋಡಿ. ಮೂರೂ ಕಡೆ ಗುರುತಿನ ಜೋಡಿಯೇ ಎದ್ದರೆ ತಪ್ಪು ಮೇಜಿನದು. ಜಾಗಕ್ಕೊಂದು ಜೋಡಿ ಎದ್ದರೆ ನೆಲದ್ದು. ಕಾಲಿನಡಿ ರಬ್ಬರ್ ಬುಷ್ ಸಿಕ್ಕಿಸಿ, ಮುಗಿಯಿತು. ಇದ್ದಲ್ಲೇ ಹಿಂದುಮುಂದು ತಿರುಗಿಸಿ ನೋಡಿದರೆ ಸಾಕು ಎಂದು ಹೇಳುವವರಿದ್ದಾರೆ. ಸಾಲದು. ಹಾಗೆ ತಿರುಗಿಸಿದಾಗ ಎದುರು ಮೂಲೆಯ ಎರಡು ಕಾಲುಗಳು ತಮ್ಮ ತಮ್ಮಲ್ಲೇ ಜಾಗ ಬದಲಾಯಿಸಿಕೊಳ್ಳುತ್ತವೆ, ಜೋಡಿ ಅದೇ ಉಳಿಯುತ್ತದೆ. ನೆಲ ತಗ್ಗಿದ್ದರೂ ಅದೇ ಜೋಡಿ, ಕಾಲು ಮೋಟಾಗಿದ್ದರೂ ಅದೇ ಜೋಡಿ. ಈ ಪರೀಕ್ಷೆಯಲ್ಲಿ ನಾನು ಒಂದು ಭಾನುವಾರ ಕಳೆದಿದ್ದೇನೆ.

ನಾಲ್ಕೂ ಕಾಲು ನೆಲಕ್ಕೆ ಕೂತಿವೆ, ಆದರೆ ಬರೆಯಲು ಕೈ ಊರಿದರೆ ಇಡೀ ಮೇಜು ತೇರಿನ ಹಾಗೆ ಅತ್ತಿತ್ತ ಆಡುತ್ತದಾ? ಇದು ಓಲಾಟ. ತಪ್ಪು ಜಾಯಿಂಟಿನದು. ಉದ್ದಕ್ಕೆ ಓಲಾಡಿದರೆ ಉದ್ದ ಪಟ್ಟಿಗಳ ತುದಿ ನೋಡಿ, ಅಗಲಕ್ಕೆ ಓಲಾಡಿದರೆ ಗಿಡ್ಡ ಪಟ್ಟಿಗಳ ತುದಿ. ಜೇಬಿನಲ್ಲಿರುವ ಬಸ್ ಟಿಕೆಟ್ ತೆಗೆದು ಕಾಲು-ಪಟ್ಟಿ ಸೇರುವ ಸಂದಿಗೆ ತೂರಿಸಿ. ಒಬ್ಬರು ಮೇಜು ತಳ್ಳುತ್ತಿರಲಿ. ತಳ್ಳಿದಾಗ ಟಿಕೆಟ್ ಒಳಗೆ ಹೋಗಿ, ಬಿಟ್ಟಾಗ ಸಿಕ್ಕಿಕೊಂಡರೆ ಕಳ್ಳ ಸಿಕ್ಕ.

ಮೂರನೆಯದು, ಫ್ರೇಮು ಕಲ್ಲಿನ ಹಾಗೆ ನಿಂತಿರುತ್ತದೆ, ಹಲಗೆ ಮಾತ್ರ ಕದಲುತ್ತದೆ. ಅರ್ಧ ಬೆರಳು ಹಲಗೆಯ ಮೇಲೆ, ಅರ್ಧ ಪಟ್ಟಿಯ ಮೇಲೆ ಬರುವ ಹಾಗೆ ಸಂದಿಯ ಮೇಲೆ ಬೆರಳಿಟ್ಟು ಅಲುಗಾಡಿಸಿ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಈ ಮೂರನೆಯದೊಂದೇ ಹಲಗೆಗೆ ಸಂಬಂಧಪಟ್ಟ ಕಾಯಿಲೆ, ಅದಕ್ಕೂ ಹೊಸ ಹಲಗೆ ಬೇಕಿಲ್ಲ; ತೂತು ಸಡಿಲಾಗಿರುತ್ತದೆ. ಬಿದಿರಿನ ಕಡ್ಡಿ ಸೀಳಿ, ಫೆವಿಕಾಲ್ ಸವರಿ ತೂತಿಗೆ ಹೊಡೆದು, ಒಣಗಿದ ಮೇಲೆ ಮತ್ತೆ ಸ್ಕ್ರೂ ಹಾಕಿದರೆ ಹಿಡಿಯುತ್ತದೆ.

ನನ್ನ ಮೇಜು ಓಲಾಡುತ್ತಿತ್ತು. ಹೊಸ ಹಲಗೆಯನ್ನು ಬಿಗಿದ ದಿನ ಓಲಾಟ ನಿಂತೇಬಿಟ್ಟಿತು, ನಾನೂ ಬೀಗಿದೆ. ಸಡಿಲು ಜಾಯಿಂಟು ಮಾಡಬೇಕಾದ ಕೆಲಸವನ್ನು ಹಲಗೆ ಮಾಡುತ್ತಿತ್ತು, ಅಷ್ಟೆ. ಎರಡು ತಿಂಗಳಲ್ಲಿ ಸ್ಕ್ರೂಗಳು ತಮ್ಮ ತೂತನ್ನು ತಾವೇ ದೊಡ್ಡದು ಮಾಡಿಕೊಂಡು ಓಲಾಟ ವಾಪಸ್ ಬಂತು. ಹೊಸ ಹಲಗೆ ಹಾಕಿದ ಕೂಡಲೇ ಅಲುಗಾಟ ನಿಂತರೆ ಅದನ್ನು ನಂಬಬೇಡಿ.

ಸರಿಯಾದ ಮದ್ದು ಬೇಸರದ ಕೆಲಸ: ಸಡಿಲಾದ ಜಾಯಿಂಟನ್ನು ಪೂರ್ತಿ ಬಿಚ್ಚಬೇಕು. ಬಿದಿರು ಮೊಳೆ ಹೊಡೆದಿದ್ದರೆ ಮೊದಲು ಅದನ್ನು ಕೊರೆದು ತೆಗೆಯಬೇಕು. ಮರದ ತುಂಡು ಅಡ್ಡ ಹಿಡಿದು ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿ, ಹಳೆಯ ಅಂಟನ್ನು ಉಳಿಯಿಂದ ಕೆರೆದು ಮರ ಕಾಣಿಸಬೇಕು. ಹಳೇ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಸಂದಿಗೆ ಸುಮ್ಮನೆ ಅಂಟು ಸುರಿದು ಬಿಗಿಯುವುದು ದುಡ್ಡು ದಂಡ. ದೊಡ್ಡ ಕ್ಲಾಂಪ್ ಇಲ್ಲದಿದ್ದರೆ ಹಗ್ಗವನ್ನು ಎರಡು ಸುತ್ತು ಫ್ರೇಮಿಗೆ ಕಟ್ಟಿ, ನಡುವೆ ಕೋಲು ತೂರಿಸಿ ತಿರುವುತ್ತಾ ಬನ್ನಿ. ಬಿಗಿದ ಮೇಲೆ, ಅಂಟು ಒಣಗುವ ಮುಂಚೆ, ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಫ್ರೇಮು ಸೊಟ್ಟವಾಗಿಯೇ ಒಣಗುತ್ತದೆ. ಒಂದು ದಿನ ಪೂರ್ತಿ ಮುಟ್ಟಬೇಡಿ. ಆಮೇಲೆ ನಾಲ್ಕೂ ಒಳಮೂಲೆಗೆ ಮುಕ್ಕೋನದ ಮರದ ತುಂಡು ಸ್ಕ್ರೂ ಮಾಡಿದರೆ ಇನ್ನೊಂದು ತಲೆಮಾರು ನಿಲ್ಲುತ್ತದೆ.

ಕುಂಟುವ ಮೇಜಿಗೆ ಹಲಗೆ ತೆಗೆದ ಮೇಲೆ ಮಾಡುವ ಪರೀಕ್ಷೆ ಇನ್ನೊಂದಿದೆ. ಫ್ರೇಮಿನ ಎದುರು ಮೂಲೆಗಳ ನಡುವೆ ಎರಡು ದಾರ ಬಿಗಿಯಾಗಿ ಎಳೆದು ಕಟ್ಟಿ, ನಡುವೆ ಅವು ದಾಟುವ ಜಾಗ ನೋಡಿ. ಎರಡೂ ಹಗುರವಾಗಿ ತಾಕಿದರೆ ಫ್ರೇಮು ಸಮ. ನಡುವೆ ಸಂದಿ ಇದ್ದರೆ ಫ್ರೇಮು ತಿರುಚಿದೆ, ತಿರುಚಿರುವುದು ಆ ಸಂದಿಯ ಎರಡರಷ್ಟು. ಮೇಲಿನ ದಾರ ಕೆಳಗಿನದನ್ನು ಅದುಮಿಕೊಂಡಿದ್ದರೆ ಸಂದಿ ಕಾಣುವುದಿಲ್ಲ, ಹಾಗಾಗಿ ದಾರವನ್ನು ಮೇಲೆ ಕೆಳಗೆ ಅದಲುಬದಲು ಮಾಡಿ ಇನ್ನೊಮ್ಮೆ ನೋಡಬೇಕು. ತಿರುಚಿದ ಫ್ರೇಮಿನ ಮೇಲೆ ಸಮ ಹಲಗೆಯನ್ನು ಬಿಗಿದರೆ ಹಲಗೆಯೂ ತಿರುಚುತ್ತದೆ, ಇಲ್ಲವೇ ಕಾಲು ಏಳುತ್ತದೆ. ತಗ್ಗಿರುವ ಮೂಲೆಯಲ್ಲಿ ತೆಳುವಾದ ಪ್ಲೈ ಚೂರು ಕೊಟ್ಟು ಸಮ ಮಾಡಿಕೊಳ್ಳಿ. ಕಾಲು ಕತ್ತರಿಸಲು ಮಾತ್ರ ಹೋಗಬೇಡಿ. ಇದು ಸ್ವಲ್ಪ, ಅದು ಸ್ವಲ್ಪ ಅಂತ ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ಹಾಗೆ ಕುಯ್ಯುತ್ತಾ ಹೋದರೆ ಕೊನೆಗೆ ಉಳಿಯುವುದು ಮಣೆ.

ಸೀಳು: ಯಾವ ತಿಂಗಳಲ್ಲಿ ಬಿಟ್ಟಿತು?

ಸೀಳಿದ ಹಲಗೆ ನೋಡಲು ಹಳೆಯ ಆಚಾರ್ರೊಬ್ಬರನ್ನು ಕರೆದುಕೊಂಡು ಬಂದೆ. ಅಪ್ಪನ ಕಾಲದಿಂದ ಗೊತ್ತಿದ್ದವರು. ಬಂದವರು ಸೀಳಿನ ಕಡೆ ಕಣ್ಣೂ ಹಾಯಿಸಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಮೇಜಿನಡಿ ತಲೆ ಹಾಕಿ, ಮೊಬೈಲ್ ಟಾರ್ಚ್ ಬಿಟ್ಟು ಸ್ಕ್ರೂ ಎಣಿಸಿದರು.

“ಹದಿನಾರು! ಚಟ್ಟಕ್ಕೆ ಹೆಣ ಕಟ್ದಂಗೆ ಕಟ್ಟಿದೀಯಲ್ಲೋ ಮೇಷ್ಟ್ರ ಮಗನೇ.”

“ಅಲ್ಲಾಡಬಾರದು ಅಂತ ಬಿಗಿದೆ, ಆಚಾರ್ರೇ.”

“ಅಲ್ಲಾಡಬಾರದ್ದು ಕಾಲು. ಹಲಗೆ ಅಲ್ಲಾಡ್ಲೇಬೇಕು. ಯಾವಾಗ ಹಾಕ್ದೆ?”

“ಗೌರಿ ಹಬ್ಬಕ್ಕೆ ಮುಂಚೆ.”

“ಮಳೇಲಿ ಉಬ್ಬಿದ್ದಾಗ ಕಟ್ಟಿದೀಯ. ಬಿಸಿಲಿಗೆ ಕುಗ್ಗೋವಾಗ ಅದು ಎಲ್ಲಿಗೆ ಹೋಗ್ಬೇಕು?”

ಅವರು ಎರಡು ಮಾತಿನಲ್ಲಿ ಹೇಳಿದ್ದನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಕುಡಿದಾಗ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಉದ್ದಕ್ಕೆ, ಅಂದರೆ ನಾರು ಓಡುವ ದಿಕ್ಕಿಗೆ, ಕುಗ್ಗುವುದು ಲೆಕ್ಕಕ್ಕೇ ಬಾರದಷ್ಟು. ಅಗಲಕ್ಕೆ ಕುಗ್ಗುತ್ತದೆ. ಅದರಲ್ಲೂ ವರ್ಷದ ಉಂಗುರದ ಗುಂಟ ಕುಗ್ಗುವುದು, ಉಂಗುರಕ್ಕೆ ಅಡ್ಡಲಾಗಿ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ಸಾಧು ಮರ ಎಂದು ಹೆಸರಾದ ತೇಗ ಕೂಡ ಹಸಿಯಿಂದ ಪೂರ್ತಿ ಒಣಗುವ ತನಕ ಉಂಗುರದ ಗುಂಟ ಶೇ. 5ರಿಂದ 6, ಅಡ್ಡಲಾಗಿ ಶೇ. 2ರಿಂದ 3ರಷ್ಟು ಕುಗ್ಗುತ್ತದೆ. ಮೇಜಿನ ಹಲಗೆಯ ನಾರು ಉದ್ದಕ್ಕೆ ಓಡಿದರೆ, ಅದರಡಿಯ ಗಿಡ್ಡ ಪಟ್ಟಿಯ ನಾರು ಹಲಗೆಗೆ ಅಡ್ಡಲಾಗಿ ಓಡುತ್ತದೆ. ಪಟ್ಟಿ ತನ್ನ ಉದ್ದಕ್ಕೆ ಕುಗ್ಗುವುದಿಲ್ಲ, ಹಲಗೆ ಅದೇ ದಿಕ್ಕಿಗೆ ಕುಗ್ಗುತ್ತದೆ. ಎರಡನ್ನೂ ಸ್ಕ್ರೂ ಹೊಡೆದು ಒಂದು ಮಾಡಿದರೆ ಜಗ್ಗಾಟದಲ್ಲಿ ಸೋಲುವುದು ಹಲಗೆ.

ನಮ್ಮ ತುಮಕೂರಿನ ಹವೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇಲ್ಲಿ ಮಳೆ ಜೋರು ಹಿಡಿಯುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸಿದ್ಧಗಂಗೆ ಜಾತ್ರೆ ಹೊತ್ತಿಗೆ ಚಳಿ ಶಿವ ಶಿವ ಎನ್ನುತ್ತಾ ಹೋಗಿ, ಮಾರ್ಚ್ ಏಪ್ರಿಲ್‌ನಲ್ಲಿ ತುಟಿ ಒಡೆಯುವಷ್ಟು ಒಣಗಾಳಿ. ಮಳೆಗಾಲದಲ್ಲಿ ಎರಡೂವರೆ ಅಡಿ ಇದ್ದ ನನ್ನ ಹಲಗೆಯನ್ನು ಏಪ್ರಿಲ್‌ನಲ್ಲಿ ಬಿಚ್ಚಿ ಅಳೆದರೆ, ಸೀಳು ಕಳೆದು ಕಾಲಂಗುಲ ಕಮ್ಮಿ. ಕಾಲಂಗುಲ ಎಂದರೆ ಆರು ಮಿಲಿಮೀಟರ್ ಮೇಲೆ. ಹದಿನಾರು ಸ್ಕ್ರೂ ಅದನ್ನು ಬಿಡಲಿಲ್ಲ, ಮರ ತನ್ನ ದಾರಿ ತಾನೇ ಮಾಡಿಕೊಂಡಿತು.

ಹಾಗಾಗಿ ಸೀಳು ಕಂಡರೆ ತಿಂಗಳು ಕೇಳಿ. ಬೇಸಿಗೆಯಲ್ಲಿ ಬಿಟ್ಟ ಸೀಳು ಮಳೆಗಾಲದಲ್ಲಿ ತಾನೇ ಕೂಡಿಕೊಳ್ಳುತ್ತಾ ಬಂದರೆ ಅದು ಬಿಗಿತದ ಸೀಳು. ಅದಕ್ಕೆ ಪುಟ್ಟಿ ತುಂಬಿದಿರೋ, ಕೆಟ್ಟಿರಿ. ಏಪ್ರಿಲ್‌ನಲ್ಲಿ ತುಂಬಿದ ಪುಟ್ಟಿ ಅಕ್ಟೋಬರ್‌ನಲ್ಲಿ ಮರ ಉಬ್ಬುವಾಗ ಬೆಣೆಯ ಹಾಗೆ ಕೂತು ಹಲಗೆಯನ್ನು ಇನ್ನೊಂದು ಕಡೆ ಸೀಳುತ್ತದೆ. ಎರಡು ಹಲಗೆ ಕೂಡಿಸಿದ ಗೆರೆಯಲ್ಲೇ ನೇರವಾಗಿ ಬಿಟ್ಟಿದ್ದರೆ, ಸೀಳಿನ ಎರಡೂ ಮುಖ ನುಣುಪಾಗಿದ್ದು ಅಂಟಿನ ಹೊಳಪು ಕಂಡರೆ, ಅದು ಅಂಟಿನ ತಪ್ಪು. ಮುಖ ಕೀಸಿ ಮತ್ತೆ ಅಂಟಿಸಿದರಾಯಿತು. ಹಲಗೆಯ ಎರಡು ತುದಿಯಲ್ಲಿ ಮಾತ್ರ ಸಣ್ಣ ಸಣ್ಣ ಸೀಳುಗಳಿದ್ದರೆ ಮರ ಹಸಿಯಾಗಿದ್ದಾಗ ತುದಿ ಬೇಗ ಒಣಗಿದೆ.

ನನ್ನದರಲ್ಲಿ ಹಸಿಯ ಪಾಲೂ ಇತ್ತು. ಹಲಸಿನ ಹಲಗೆ ಕುಯ್ಸಿ ನಾಲ್ಕೇ ತಿಂಗಳಾಗಿತ್ತು. ಬಯಲು ಗಾಳಿಯಲ್ಲಿ ಒಣಗಿಸುವುದಾದರೆ ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಅಂದಾಜು. ನೆರಳಿನಲ್ಲಿ, ಹಲಗೆ ಹಲಗೆಯ ನಡುವೆ ರೀಪರ್ (ಸಣ್ಣ ಮರದ ಕೋಲು) ಕೊಟ್ಟು ಜೋಡಿಸಿ, ತುದಿಗಳಿಗೆ ಬಣ್ಣ ಬಳಿದಿಟ್ಟರೆ ತುದಿ ಸೀಳು ಕಮ್ಮಿ. ಒಣಗಿದೆಯೋ ಇಲ್ಲವೋ ನೋಡಲು ತೇವ ಮೀಟರ್ ಇಲ್ಲದಿದ್ದರೆ ಅದೇ ಹಲಗೆಯಿಂದ, ತುದಿ ಬಿಟ್ಟು ನಡುವಿನಿಂದ, ಒಂದು ತುಂಡು ಕುಯ್ದುಕೊಂಡು ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿ. ವಾರಕ್ಕೊಮ್ಮೆ ಅದೇ ತಕ್ಕಡಿ. ತೂಕ ಇಳಿಯುತ್ತಲೇ ಇದ್ದರೆ ಹಲಗೆ ಇನ್ನೂ ಹಸಿ. ಪೂರ್ತಿ ಒಣಗಿಸಿದ ತುಂಡು 200 ಗ್ರಾಂ ತೂಗಿ, ಅದಕ್ಕೂ ಮುಂಚೆ 230 ಇದ್ದಿದ್ದರೆ ತೇವ ಶೇ. 15. ಮನೆಯೊಳಗಿನ ಪೀಠೋಪಕರಣಕ್ಕೆ ಶೇ. 12ರ ಆಸುಪಾಸು ಇದ್ದರೆ ನೆಮ್ಮದಿ. ಅಂಗಡಿಯವರು ಮೊದಲ ವಾರ ನಕ್ಕರು, ಮೂರನೇ ವಾರ ಅವರೇ ‘ಎಷ್ಟಾಯ್ತು ಸಾರ್ ಮರದ ಚೂರು?’ ಎಂದು ಕೇಳಿದರು.

ಹಲಸನ್ನು ದೂರುತ್ತಿಲ್ಲ. ಚೇಳೂರು ಸೀಮೆಯಲ್ಲಿ ಹಲಸು ಎಂದರೆ ಎಲ್ಲರಿಗೂ ಹಣ್ಣೇ, ಸಿದ್ದು ಹಲಸಿನ ಕೆಂಪು ತೊಳೆಯದೇ ಮಾತು. ಮರವನ್ನು ಕೇಳುವವರು ಕಮ್ಮಿ. ಹೊಸದಾಗಿ ಕುಯ್ದಾಗ ಅರಿಶಿನದಂತಿರುವ ಚೇಗು, ಅಂದರೆ ಮರದ ಒಳಗಿನ ಗಟ್ಟಿ ತಿರುಳು, ಬೆಳಕು ಬಿದ್ದಂತೆ ವರ್ಷದಲ್ಲಿ ಕಂದಾಗುತ್ತದೆ. ಆ ಬಣ್ಣಕ್ಕೆ ಯಾವ ಲ್ಯಾಮಿನೇಟೂ ಸಮನಲ್ಲ ಎಂಬುದು ನನ್ನ ಪಕ್ಷಪಾತ.

ಬಿಗಿಯುವ ಸರಿ ಕ್ರಮ ಹೀಗೆ. ಆಚಾರ್ರು ಉದ್ದ ಪಟ್ಟಿ, ಗಿಡ್ಡ ಪಟ್ಟಿ ಎರಡರ ಒಳಮುಖದಲ್ಲೂ, ಮೇಲಂಚಿನಿಂದ ಅರ್ಧ ಅಂಗುಲ ಕೆಳಗೆ, ಉಳಿಯಿಂದ ಕಾಲಂಗುಲ ಆಳದ ಕಚ್ಚು ತೆಗೆದರು. ಆಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಮರದ ತುಂಡುಗಳಿಗೆ ನಾಲಗೆಯ ಹಾಗೆ ಒಂದು ತುದಿ ಕೆತ್ತಿ, ನಾಲಗೆಯನ್ನು ಕಚ್ಚಿಗೆ ತೂರಿಸಿ, ತುಂಡನ್ನು ಮಾತ್ರ ಹಲಗೆಗೆ ಸ್ಕ್ರೂ ಮಾಡಿದರು. ಹಲಗೆ ಮೇಲಕ್ಕೆ ಏಳುವುದಿಲ್ಲ, ಆದರೆ ಅಗಲಕ್ಕೆ ಸರಿದಾಡಬಹುದು; ನಾಲಗೆ ಕಚ್ಚಿನೊಳಗೆ ಜಾರುತ್ತದೆ. ಉದ್ದ ಪಟ್ಟಿಯ ಕಡೆ ನಾಲಗೆಯನ್ನು ಕಚ್ಚಿನ ತಳಕ್ಕೆ ಮುಟ್ಟಿಸದೆ ಎರಡು ಮೂರು ಮಿಲಿಮೀಟರ್ ಬಿಟ್ಟರು. ಎರಡು ಗಿಡ್ಡ ಪಟ್ಟಿಗಳ ಸರಿಯಾಗಿ ನಡುವೆ ಮಾತ್ರ ಒಂದೊಂದು ಗಟ್ಟಿ ಸ್ಕ್ರೂ, ಹಲಗೆ ನಡುವಿನಿಂದ ಎರಡೂ ಕಡೆಗೆ ಸಮನಾಗಿ ಆಡಲಿ ಎಂದು. ಹದಿನಾರು ಸ್ಕ್ರೂ ಇದ್ದ ಕಡೆ ಈಗ ಎಂಟು ನಾಲಗೆ, ಎರಡು ಸ್ಕ್ರೂ. ಅಷ್ಟು ಕೆತ್ತನೆ ಮಾಡುವವರು ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದ ತೂತಿನ ಎಲ್ ಕ್ಲಾಂಪ್ ಕೇಳಿ; ಉದ್ದ ತೂತು ಹಲಗೆಯ ಕಡೆಗೆ, ನಾರಿಗೆ ಅಡ್ಡವಾಗಿ ಬರಲಿ, ಸ್ಕ್ರೂ ತೂತಿನ ನಡುವೆ ಕೂರಲಿ, ಪೂರ್ತಿ ಬಿಗಿದು ಕಾಲು ಸುತ್ತು ವಾಪಸ್ ತಿರುವಿ.

ಬೆಂಡು

ಹಲಗೆಯ ಅಗಲಕ್ಕೆ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಆಚೆಯಿಂದ ಬೆಳಕು ಬಿಟ್ಟು ನೋಡಿ. ನಡುವೆ ಬೆಳಕು ತೂರಿದರೆ ಹಲಗೆ ತೊಟ್ಟಿಯಾಗಿದೆ, ಎರಡೂ ತುದಿಯಲ್ಲಿ ತೂರಿದರೆ ನಡು ಉಬ್ಬಿದೆ. ನಾನು ಕಂಡ ಬೆಂಡುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ಮೇಲ್ಮುಖಕ್ಕೆ ಮೂರು ಕೋಟ್ ಪಾಲಿಶ್, ಅಡಿಗೆ ಬರೀ ಮರ. ಬಣ್ಣ ಬಳಿಯುವವರು ‘ಅಡಿ ಯಾರ್ ನೋಡ್ತಾರೆ ಸಾರ್’ ಎನ್ನುತ್ತಾರೆ. ಮಳೆ ನೋಡುತ್ತದೆ. ಅಡಿಯ ಮುಖ ಬೇಗ ತೇವ ಕುಡಿದು ಬೇಗ ಬಿಡುತ್ತದೆ, ಮೇಲ್ಮುಖ ನಿಧಾನ. ಎರಡರ ಓಟ ಬೇರೆಯಾದರೆ ಹಲಗೆ ಬಾಗದೆ ಇನ್ನೇನು ಮಾಡೀತು? ಹೊಸ ಹಲಗೆಯನ್ನು ಸಿಮೆಂಟ್ ನೆಲದ ಮೇಲೆ ವಾರಗಟ್ಟಲೆ ಮಲಗಿಸಿಟ್ಟರೂ ಇದೇ ಕತೆ. ಬೆಂಡಾದ ಹಲಗೆಯನ್ನು ಕೀಸುವ ಮುಂಚೆ ಎರಡು ಕೋಲಿನ ಮೇಲೆ, ಎರಡೂ ಮುಖಕ್ಕೆ ಗಾಳಿಯಾಡುವ ಹಾಗೆ, ಹದಿನೈದು ದಿನ ಇಡಿ. ಎಷ್ಟೋ ಸಲ ಅರ್ಧ ಬೆಂಡು ತಾನೇ ಇಳಿಯುತ್ತದೆ. ಉಳಿದದ್ದನ್ನು ಕೀಸಿ, ಈ ಸಲ ಅಡಿಗೂ ಅಷ್ಟೇ ಕೋಟ್ ಹೊಡೆಸಿ.

ಹಿಟ್ಟು ಉದುರುತ್ತಿದ್ದರೆ

ಹಳೇ ಫ್ರೇಮಿನಲ್ಲಿ ಕುಟ್ಟೆ ಇದ್ದು ಮೇಲೆ ಹೊಸ ಮರದ ಹಲಗೆ ಹಾಕುವುದು ಹುಳಕ್ಕೆ ಊಟ ಬಡಿಸಿದ ಹಾಗೆ. ಮೇಜಿನಡಿ ಕಪ್ಪು ಕಾಗದ ಹಾಸಿ ನಾಲ್ಕು ದಿನ ಬಿಡಿ. ಮೈದಾ ಹಿಟ್ಟಿನಂಥ ನಯವಾದ ಪುಡಿ ಬಿದ್ದು, ಮೇಲೆ ಗುಂಡುಸೂಜಿ ತಲೆಯಷ್ಟು ದುಂಡನೆ ತೂತು ಕಂಡರೆ ಕುಟ್ಟೆ ಜೀವಂತ ಇದೆ. ತೂತಿದೆ, ಹೊಸ ಪುಡಿ ಇಲ್ಲ ಎಂದರೆ ಬಹುಶಃ ಹಳೆಯ ಕತೆ. ಮಣ್ಣಿನ ಗೆರೆ ಕಂಡರೆ ಅದು ಗೆದ್ದಲು, ಅದರ ಮನೆ ಮೇಜಿನಲ್ಲಿಲ್ಲ, ಗೋಡೆಯಲ್ಲೋ ನೆಲದಲ್ಲೋ ಇದೆ. ಕುಟ್ಟೆಗೆ ರುಚಿ ಮರದ ಬಿಳಿ ಭಾಗ. ಚೇಗಿಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆದ್ದರಿಂದ ಹೊಸ ಹಲಗೆ ಕೊಳ್ಳುವಾಗ ಅಂಚಿನ ಬಿಳಿ ಭಾಗ ಕುಯ್ಸಿ ತೆಗೆಸಿ, ಅಗಲ ಕಮ್ಮಿಯಾಗುತ್ತದೆ ಎಂದು ಆಸೆ ಪಡಬೇಡಿ. ಕಾಲಿನ ಮರಕ್ಕೆ ಉಗುರು ಒತ್ತಿದರೆ ಒಳಗಿಳಿಯುವಷ್ಟು ಪೊಳ್ಳಾಗಿದ್ದರೆ ಹಲಗೆಯ ಯೋಚನೆ ಬಿಡಿ, ಹೊಸ ಮೇಜೇ ಅಗ್ಗ.

ಪ್ಲೈವುಡ್ ಹಾಕಿಸಿದ ಮೇಲೆ ಬರುವ ದೂರುಗಳು

ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ಪ್ಲೈ ಇದೆ. ಪದರಗಳ ನಾರು ಒಂದಕ್ಕೊಂದು ಅಡ್ಡ ಇರುವುದರಿಂದ ಉಬ್ಬು-ಕುಗ್ಗು ತೀರಾ ಕಮ್ಮಿ, ಬಿಗಿದು ಸ್ಕ್ರೂ ಹೊಡೆದರೂ ಸೀಳುವುದಿಲ್ಲ. 8 ಅಡಿಗೆ 4 ಅಡಿಯ ಒಂದು ಶೀಟಿನಲ್ಲಿ ನನ್ನಳತೆಯ ಮೇಜು ಎರಡಾಗಿ ಇನ್ನೂ ಮಿಗುತ್ತದೆ. ಶೀಟಿನ ಮೇಲಿನ ಸೀಲು ಓದಿ: ಐಎಸ್ (ಭಾರತೀಯ ಮಾನಕ) 303 ಮಾಮೂಲು ಪ್ಲೈ, ಅದರಲ್ಲೇ ಎಂಆರ್ ಎಂದರೆ ತೇವ ತಡೆಯುವುದು, ಬಿಡಬ್ಲ್ಯುಆರ್ ಎಂದರೆ ಕುದಿನೀರನ್ನೂ ಸ್ವಲ್ಪ ಹೊತ್ತು ತಾಳುವುದು. ಐಎಸ್ 710 ಮರೀನ್ ಪ್ಲೈ, ನೀರನ್ನು ಇವೆರಡಕ್ಕಿಂತ ಹೆಚ್ಚು ತಾಳುವುದು. ಓದುವ ಮೇಜಿಗೆ ಎಂಆರ್ ಸಾಕು, ಊಟದ ಮೇಜಿಗೆ ಬಿಡಬ್ಲ್ಯುಆರ್ ಹಾಕಿಸಿ. ದಿನಾ ಒದ್ದೆ ಬಟ್ಟೆ ಬೀಳುತ್ತದೆ.

ಅಂಚು ಉಬ್ಬಿದೆಯಾ? ಬೀಡಿಂಗ್ (ಅಂಚು ಮುಚ್ಚುವ ತೆಳು ಮರ) ಹೊಡೆಯುವ ಮುಂಚೆ ಅಂಚಿಗೆ ಏನೂ ಬಳಿದಿಲ್ಲ, ಸಂದಿಯಲ್ಲಿ ನೀರು ಇಳಿದಿದೆ. ಉಬ್ಬಿದ ಅಂಚು ಉಗುರಿಗೆ ಪುಡಿಪುಡಿಯಾಗಿ ಬಂದರೆ ಅದು ಪ್ಲೈ ಅಲ್ಲವೇ ಅಲ್ಲ, ಪಾರ್ಟಿಕಲ್ ಬೋರ್ಡ್; ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಸನ್‌ಮೈಕಾ ಎದ್ದಿದೆಯಾ? ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಅಂಚಿನಲ್ಲಿ ಮಾತ್ರ ಇದ್ದು, ಹಾಕಿರುವುದು ರಬ್ಬರ್ ಅಂಟಾದರೆ, ಮೇಲೆ ಬಟ್ಟೆ ಹಾಸಿ ಹದವಾದ ಇಸ್ತ್ರಿಪೆಟ್ಟಿಗೆ ಸವರಿ, ಬಿಸಿ ಇರುವಾಗಲೇ ಭಾರ ಹೇರಿ; ಅಂಟು ಮತ್ತೆ ಹಿಡಿಯುತ್ತದೆ. ಟೊಳ್ಳು ನಡುವೆ ಇದ್ದರೆ ಒಳಪದರದಲ್ಲೇ ಸಂದಿ ಇರಬಹುದು, ಅದಕ್ಕೆ ಇಸ್ತ್ರಿ ಏನೂ ಮಾಡಲಾರದು. ಪ್ಲೈ ಬಾಗಿದೆಯಾ? ಮೇಲೆ ಮಾತ್ರ ಸನ್‌ಮೈಕಾ ಒತ್ತಿ ಅಡಿ ಖಾಲಿ ಬಿಟ್ಟಿದ್ದಾರೆ, ಪಾಲಿಶ್‌ಗೆ ಹೇಳಿದ ಮಾತೇ ಇಲ್ಲಿಗೂ. ಅಡಿಗೂ ತೆಳುವಾದ ಒಂದು ಶೀಟು ಒತ್ತಿಸಬೇಕು.

ಮೇಲ್ಮೈಯಲ್ಲಿ ಮೊಡವೆಯಂಥ ಗುಳ್ಳೆ ಸಾಲಾಗಿ ಕಂಡರೆ ಅದು ಸ್ಕ್ರೂ ಮೊನೆ. 19 ಮಿಲಿಮೀಟರ್ ಪ್ಲೈ ಒಳಗೆ 14 ಮಿಲಿಮೀಟರ್‌ಗಿಂತ ಹೆಚ್ಚು ಹೋಗಬಾರದು. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಅಳತೆ ಗುರುತು ಮಾಡಿಕೊಳ್ಳಿ ಎಂದು ಹೇಳಿದರೆ ಕೆಲಸ ಗೊತ್ತಿರುವವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳಿ.

ಕಲ್ಲು, ಗಾಜು

ಅಡುಗೆಮನೆಗೆ ತಂದು ಉಳಿದ ಗ್ರಾನೈಟನ್ನು ಹಳೇ ಮೇಜಿನ ಮೇಲೆ ಹಾಕಿದರೆ ಹೇಗೆ ಎಂದು ಕೇಳುವವರಿದ್ದಾರೆ. ಮೊದಲು ತೂಕ ಲೆಕ್ಕ ಹಾಕಿ. 18 ಮಿಲಿಮೀಟರ್ ಗ್ರಾನೈಟ್ ಚದರಡಿಗೆ ಸುಮಾರು ನಾಲ್ಕೂವರೆ ಕಿಲೋ. ನನ್ನ ಮೇಜು ಹತ್ತು ಚದರಡಿ, ಅಂದರೆ 45 ಕಿಲೋ. ಒಂದು ಸಿಮೆಂಟ್ ಮೂಟೆಗೆ ಐದು ಕಿಲೋ ಕಮ್ಮಿ. ಕಡಪ ಕಲ್ಲೂ ಅದೇ ದಪ್ಪಕ್ಕೆ ಹೆಚ್ಚುಕಡಿಮೆ ಅಷ್ಟೇ. 12 ಮಿಲಿಮೀಟರ್ ಗಾಜು 28 ಕಿಲೋ, 19 ಮಿಲಿಮೀಟರ್ ಪ್ಲೈ ಹತ್ತು ಹನ್ನೊಂದು ಕಿಲೋ. ಓಲಾಡುವ ಫ್ರೇಮಿನ ಮೇಲೆ ಸಿಮೆಂಟ್ ಮೂಟೆ ಹೊರಿಸಿದರೆ ಜಾಯಿಂಟು ಇನ್ನಷ್ಟು ಬೇಗ ಬಾಯಿ ಬಿಡುತ್ತದೆ. ನಮ್ಮ ಬೀದಿಯಲ್ಲೊಬ್ಬರ ಮನೆಯಲ್ಲಿ ಕಲ್ಲೇ ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತು. ದಾರ ಕಟ್ಟಿ ನೋಡಿದರೆ ಫ್ರೇಮು ತಿರುಚಿತ್ತು, ಕಲ್ಲು ಮೂರೇ ಮೂಲೆಯ ಮೇಲೆ ಕೂತಿತ್ತು. ಮರವಾದರೆ ಬಾಗಿ ಹೊಂದಿಕೊಳ್ಳುತ್ತದೆ, ಕಲ್ಲಿಗೆ ಆ ಗುಣವಿಲ್ಲ. ಹಾಕಲೇಬೇಕೆಂದರೆ ಮೊದಲು 12 ಮಿಲಿಮೀಟರ್ ಪ್ಲೈ, ಅದರ ಮೇಲೆ ಅಲ್ಲಲ್ಲಿ ಸಿಲಿಕಾನ್ ಚುಕ್ಕಿ, ಆಮೇಲೆ ಕಲ್ಲು.

ಹಲಗೆ ಸರಿ, ಆದರೂ ಬರೆಯಲು ಹಿತವಿಲ್ಲ

ಹೊಸ ಹಲಗೆ ದಪ್ಪವಿದ್ದರೆ ಮೇಜು ಅಷ್ಟು ಎತ್ತರವಾಗಿದೆ. ಮೇಜಿನ ರೂಢಿ ಎತ್ತರ 30 ಅಂಗುಲ, ಕುರ್ಚಿಯ ಸೀಟು 18ರ ಆಸುಪಾಸು. ಮುಕ್ಕಾಲು ಅಂಗುಲದ ಹಲಗೆ ತೆಗೆದು ಒಂದೂವರೆ ಅಂಗುಲದ್ದು ಹಾಕಿದರೆ ಮೊಣಕೈ ಮುಕ್ಕಾಲು ಅಂಗುಲ ಮೇಲೆದ್ದು ಭುಜ ನೋಯುತ್ತದೆ. ಅಂಚನ್ನು ಪಟ್ಟಿಯಿಂದ ಆಚೆಗೆ ಎರಡು ಅಂಗುಲಕ್ಕಿಂತ ಹೆಚ್ಚು ಚಾಚಿಸಬೇಡಿ. ಮನೆಗೆ ಬಂದ ನೆಂಟರಲ್ಲಿ ಯಾರಾದರೊಬ್ಬರು ಮೇಜಿನ ತುದಿಯ ಮೇಲೆ ಕೂತೇ ಕೂರುತ್ತಾರೆ.

ಡ್ರಾಯರ್ ಸಿಕ್ಕಿಕೊಳ್ಳುತ್ತಿದ್ದರೆ ಅದರ ಮೇಲಂಚಿಗೆ ಸೀಮೆಸುಣ್ಣ ಬಳಿದು ಎರಡು ಸಲ ಎಳೆದು ತಳ್ಳಿ. ಹಲಗೆಯ ಅಡಿಗೆ ಸುಣ್ಣ ಅಂಟಿದ್ದರೆ ಹಲಗೆ ಜೋತಿದೆ, ಡ್ರಾಯರಿನ ಮೇಲೊಂದು ಅಡ್ಡಪಟ್ಟಿ ಬೇಕು. ಅಂಟದಿದ್ದರೆ ತಿಕ್ಕಾಟ ಪಕ್ಕದಲ್ಲಿ, ಮೇಣದ ಬತ್ತಿ ಉಜ್ಜಿ.

ನನ್ನ ಹಲಗೆಯನ್ನು ಆಚಾರ್ರು ಏಪ್ರಿಲ್‌ನಲ್ಲಿ ಸೀಳಿನ ಗುಂಟವೇ ಕುಯ್ದು, ಎರಡು ಮುಖ ಕೀಸಿ, ಮತ್ತೆ ಕೂಡಿಸಿಕೊಟ್ಟರು. ಎಷ್ಟು ಹುಡುಕಿದರೂ ಕೂಡಿದ ಗೆರೆ ಸಿಗುವುದಿಲ್ಲ, ಬಣ್ಣ ಮಾತ್ರ ಒಂದು ಪಕ್ಕ ಕೂದಲೆಳೆಯಷ್ಟು ಗಾಢ. ಹೊರಡುವ ಮುಂಚೆ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು, ಹಲಗೆಯ ಅಡಿಯಲ್ಲಿ ಎರಡು ಉದ್ದ ಪಟ್ಟಿಗಳ ಹೊರಮುಖದ ಗುಂಟ ಒಂದೊಂದು ಗೀಟು ಎಳೆದರು. ಬೇಸಿಗೆಯಲ್ಲಿ ಗೀಟು ಪಟ್ಟಿಗೆ ಅಂಟಿಕೊಂಡಿರುತ್ತದೆ. ಮಳೆ ಹಿಡಿದ ಮೇಲೆ ನಾನೂ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಬಿಡುತ್ತೇನೆ. ಹೋದ ಅಕ್ಟೋಬರ್‌ನಲ್ಲಿ ಕಿಟಕಿಯ ಕಡೆ ಎರಡೂವರೆ ಮಿಲಿಮೀಟರ್, ಗೋಡೆಯ ಕಡೆ ಎರಡು, ಗೀಟು ಪಟ್ಟಿಯಿಂದ ಆಚೆ ನಿಂತಿತ್ತು.